ಹಿರೇಬೆಣಕಲ್: ಗೋರಿಗಳಷ್ಟೇ ಅಲ್ಲ, ಕೆರೆಯೂ ಉಳಿಯಬೇಕು

ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡಸಾಲನ್ನು ಪ್ರವಾಸಿಗರು ಹತ್ತುವುದು ಬೃಹತ್ ಶಿಲಾಯುಗದ ಗೋರಿಗಳನ್ನು ನೋಡಲು. ಸುತ್ತಲಿನ ಜನ ಮೋರೇರ ಬೆಟ್ಟವೆನ್ನುವ ಈ ತಾಣ 2021ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದ ಮೇಲೆ ಅದರ ಹೆಸರು ದೂರದವರೆಗೂ ಹಬ್ಬಿದೆ. ಇದು ಸಂತೋಷದ ಸಂಗತಿಯೇ. ಆದರೆ ಗೋರಿಗಳ ಬಳಿಯೇ ಇರುವ ಕೆರೆಯ ಬಗ್ಗೆ ಮಾತನಾಡುವವರು ವಿರಳ.

ಆ ಕೆರೆ ಪ್ರಾಚೀನರ ಕಲ್ಲುಗಣಿಯಾಗಿತ್ತೆಂಬುದು ಪುರಾತತ್ವಜ್ಞರ ಅಭಿಪ್ರಾಯ. ಎರಡು ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿದ್ದವರು ಗ್ರಾನೈಟ್ ಬಂಡೆ ಪದರಪದರವಾಗಿ ಬಿಡುವ ಗುಣವನ್ನರಿತು, ಚಪ್ಪಡಿಗಳನ್ನು ಎಬ್ಬಿಸಿ, ದುಂಡನೆಯ ಕಿಂಡಿಯುಳ್ಳ ಕಲ್ಮನೆಗಳನ್ನು ನಿಲ್ಲಿಸಿದರು. ಹೀಗೆ ನಾಲ್ಕು ನೂರಕ್ಕೂ ಹೆಚ್ಚು ಸ್ಮಾರಕಗಳಾದವು. ಕಲ್ಲು ತೆಗೆದ ತಗ್ಗಿನಲ್ಲಿ ಮಳೆನೀರು ನಿಂತಿತು.

ಕುಷ್ಟಗಿ, ಇಳಕಲ್ ಸೀಮೆಯ ಕೆಂಪು ಗ್ರಾನೈಟ್ ಕ್ವಾರಿಗಳಲ್ಲಿಯೂ ನೀರು ನಿಲ್ಲುತ್ತದೆ. ಆದರೆ ಯಂತ್ರ ಕೊರೆದ ಗುಂಡಿಯ ಗೋಡೆ ನೆಟ್ಟಗಿರುತ್ತದೆ. ಅದರೊಳಗೆ ಬಿದ್ದ ದನ ಹತ್ತಿ ಬರಲಾರದು. ಹಿರೇಬೆಣಕಲ್ಲಿನ ಕೆರೆಯಾದರೋ ಜೀವಿಗಳಿಗೆ ಆಸರೆಯಾಗಿದೆ. ಗಣಿಗಾರಿಕೆಯ ಪರಂಪರೆಯನ್ನು ಓದುವ ವಿದ್ಯಾರ್ಥಿಗಳು ಈ ವ್ಯತ್ಯಾಸವನ್ನು ಗಮನಿಸಬೇಕು.

ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಈ ಒಣ ಜಿಲ್ಲೆಯಲ್ಲಿ ಬರಿಯ ಬಂಡೆಯ ಮೇಲೆ ಬಿದ್ದ ನೀರು ಹಿಂಗದೆ ಓಡುತ್ತದೆ. ಬಂಡೆಗಳ ಸಂದಿನಲ್ಲಿ ಬೆಳೆದ ಹುಲ್ಲು, ಕುರುಚಲು ಗಿಡಗಳು ಆ ಓಟವನ್ನು ತಗ್ಗಿಸಿ ಹೂಳು ಕೆರೆ ಸೇರದಂತೆ ತಡೆಯುತ್ತವೆ. ಬೇಸಿಗೆಯಲ್ಲಿ ಕೆಳಗಿನ ಹಳ್ಳಗಳು ಬತ್ತಿದಾಗ ಕರಡಿ, ಚಿರತೆ, ನವಿಲುಗಳಿಗೆ ಬೆಟ್ಟದ ಮೇಲಿನ ನೀರೇ ಗತಿ. ಅದು ಕೆಟ್ಟರೆ ಪ್ರಾಣಿಗಳು ನೀರನ್ನರಸಿ ಹೊಲ, ಊರುಗಳತ್ತ ಇಳಿಯುತ್ತವೆ. ನಷ್ಟ ರೈತನ ಪಾಲಾಗುತ್ತದೆ.

ಕಾನೂನಿನ ರಕ್ಷಣೆ ಸಾಲದೆ ಎಂದು ಕೆಲವರು ಕೇಳಬಹುದು. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿ ಸಂರಕ್ಷಿತ ಪ್ರದೇಶದ ಎಲ್ಲೆಯಿಂದ 100 ಮೀಟರಿನೊಳಗೆ ನಿರ್ಮಾಣವನ್ನು ನಿಷೇಧಿಸುತ್ತದೆ, ಅದರಾಚೆಯ 200 ಮೀಟರಿನಲ್ಲಿ ನಿಯಂತ್ರಿಸುತ್ತದೆ. ಈ ಗೆರೆಗಳು ಗೋರಿಗಳನ್ನು ಕಾಯಬಲ್ಲವು. ನೀರು ಹರಿದುಬರುವ ಇಳಿಜಾರು, ಕರಡಿ ನಡೆಯುವ ಜಾಡು ಮೀಟರಿನ ಲೆಕ್ಕಕ್ಕೆ ಸಿಗುವಂಥವಲ್ಲ.

ಪ್ರವಾಸಿಗರಿಂದ ಊರಿಗೆ ಆದಾಯ ಬರಬೇಕೆಂಬ ಅಪೇಕ್ಷೆ ನ್ಯಾಯವಾದುದು. ಅದಕ್ಕೆ ಬೆಟ್ಟದ ಮೇಲಕ್ಕೆ ರಸ್ತೆಯೂ ದೀಪವೂ ಬೇಕಿಲ್ಲ. ಹತ್ತಲಾಗದ ವೃದ್ಧರಿಗೂ ಅಂಗವಿಕಲರಿಗೂ ಬೆಟ್ಟದ ಕತೆ ತಿಳಿಸುವ ಮಾಹಿತಿ ಕೇಂದ್ರ ಕೆಳಗೆ ಊರಿನಲ್ಲೇ ಇರಲಿ. ಹತ್ತುವವರಿಗೆ ಊರಿನ ಯುವಕ ಯುವತಿಯರೇ ಮಾರ್ಗದರ್ಶಕರಾಗಲಿ. ಬಂದವರು ಕಾಲುದಾರಿ ಬಿಟ್ಟು ತುಳಿಯದಿರಲಿ, ಕೆರೆಗೆ ಇಳಿಯದಿರಲಿ, ಸಂಜೆಗೆ ಮುನ್ನ ಮರಳಲಿ. ಅಲ್ಲಿನ ಕಲ್ಲಿನ ನಗಾರಿಯನ್ನು ನೋಡಿದರೆ ಸಾಕು. ಬಾರಿಸಿ ಸವೆಸುವುದು ಬೇಡ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ನಡೆಯಬೇಕು. ಕೆರೆ, ಅದರ ಜಲಾನಯನ, ಪ್ರಾಣಿಗಳ ಜಾಡು ಇವೆಲ್ಲ ಆ ದಾಖಲೆಗೆ ಸೇರಬೇಕು. ದನ ಕಾಯುವವರಿಗೆ, ಕುರಿಗಾಹಿಗಳಿಗೆ ಗೊತ್ತಿರುವುದನ್ನು ಬರೆದಿಡಲು ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಾಲೇಜುಗಳ ವಿದ್ಯಾರ್ಥಿಗಳು ಕೈಜೋಡಿಸಬಹುದು. ಗ್ರಾಮಸಭೆಯಲ್ಲಿ ಈ ವಿಷಯವನ್ನು ಎತ್ತುವ ಹೊಣೆ ಬೆಟ್ಟದ ಬುಡದಲ್ಲಿರುವ ಊರಿನವರದು.