ಖಾಲಿ ಸಾಕೆಟ್ಟುಗಳಿಗೊಂದು ಮುಚ್ಚಳ

ಮನೆಯ ಆಂಪ್ಲಿಫೈಯರಿನ ಹಿಂಬದಿಯಲ್ಲಿ ಸಾಲಾಗಿ ಕಾಣುವ, ಯಾವ ವೈರೂ ಸೇರದ ಸಾಕೆಟ್ಟುಗಳನ್ನು ಮುಚ್ಚಿಡಬೇಕೇ, ಹಾಗೆಯೇ ಬಿಡಬೇಕೇ? ಹಳೆಯ ವಿದ್ಯಾರ್ಥಿಯೊಬ್ಬರು ಕೇಳಿರುವ ಪ್ರಶ್ನೆಯಿದು. ಚಿನ್ನದ ಲೇಪದ ಮುಚ್ಚಳ ಹಾಕಿದರೆ ಧ್ವನಿ ಇನ್ನಷ್ಟು ಸ್ವಚ್ಛವಾಗುತ್ತದೆಂದು ಅಂಗಡಿಯವರು ಹೇಳಿದರಂತೆ. ಮುಚ್ಚಬೇಕೆಂಬುದೇ ನನ್ನ ಅಭಿಪ್ರಾಯವೂ ಹೌದು; ಆದರೆ ಅಂಗಡಿಯವರು ಹೇಳಿದ ಕಾರಣಕ್ಕಲ್ಲ.

ಧ್ವನಿಯ ಮಾತನ್ನು ಮೊದಲು ಮುಗಿಸಿಬಿಡೋಣ. ಸಿ.ಡಿ. ಪ್ಲೇಯರಿನಿಂದ ಬರುವ ಸಂಕೇತ ಹೆಚ್ಚೆಂದರೆ ಸುಮಾರು 2 ವೋಲ್ಟ್. ಗ್ರಾಮಾಫೋನ್ ತಟ್ಟೆಯ ಮುಳ್ಳಿನಿಂದ ಬರುವುದು ಕೆಲವೇ ಮಿಲಿವೋಲ್ಟ್. ಅದಕ್ಕಾಗಿ 'ಫೋನೋ' ಎಂದು ಬರೆದಿರುವ ಸಾಕೆಟ್ಟಿನ ಹಿಂದೆ ಸಂಕೇತವನ್ನು ಸುಮಾರು 100 ಪಟ್ಟು ಹಿಗ್ಗಿಸುವ ಏರ್ಪಾಡು ಇರುತ್ತದೆ. ಬಾಯ್ದೆರೆದ ಫೋನೋ ಸಾಕೆಟ್ಟು ಕರೆಂಟಿನ ಗುಂಯ್‌ಗುಡುವಿಕೆಯನ್ನೂ ಹಿಡಿದು ಹಿಗ್ಗಿಸಬಲ್ಲದು. ಅಲ್ಲಿಗೆ ಮಾತ್ರ, ನಡುವಿನ ಪಿನ್ನನ್ನೂ ಹೊರಬಳೆಯನ್ನೂ ಒಂದುಗೂಡಿಸುವ ಶಾರ್ಟಿಂಗ್ ಪ್ಲಗ್‌ನಿಂದ ಪ್ರಯೋಜನ ಉಂಟು. ಉಳಿದ ಇನ್‌ಪುಟ್‌ಗಳನ್ನು ನಾವು ಆರಿಸದಿದ್ದಾಗ ಸೆಲೆಕ್ಟರೇ ದೂರವಿಡುತ್ತದೆ. ಅವಕ್ಕೆ ಚಿನ್ನ ತೊಡಿಸಿದರೆ ಹಿಗ್ಗುವುದು ಅಂಗಡಿಯವರ ಗಲ್ಲಾಪೆಟ್ಟಿಗೆ ಮಾತ್ರ.

ಹಾಗಾದರೆ ಮುಚ್ಚುವುದೇಕೆ? ನಮ್ಮ ನಾಲ್ಕು ತಾಲ್ಲೂಕುಗಳ ಗಾಳಿಯನ್ನು ಬಲ್ಲವರು ಈ ಪ್ರಶ್ನೆ ಕೇಳಲಾರರು. ಹುಣಸೂರು, ಪಿರಿಯಾಪಟ್ಟಣಗಳ ಹಳ್ಳಿಗಳಲ್ಲಿ ಹೊಗೆಸೊಪ್ಪಿನ ಬ್ಯಾರನ್‌ಗಳಿಗೆ ಸೌದೆ ಹಾಕುವ ಕಾಲ ಬಂದರೆ ಹೊಗೆ, ಮಸಿ ಮನೆಯೊಳಗೂ ಬರುತ್ತವೆ. ಕೃಷ್ಣರಾಜನಗರದ ಕಡೆ ಬತ್ತದ ಒಕ್ಕಣೆಯ ದಿನಗಳಲ್ಲಿ ಹೊಟ್ಟಿನ ಧೂಳು. ಹೆಗ್ಗಡದೇವನಕೋಟೆಯಲ್ಲಿ, ಅದರಲ್ಲೂ ಕಬಿನಿಯ ಮೇಲ್ಭಾಗದ ಕಾಡಂಚಿನ ಊರುಗಳಲ್ಲಿ, ಮಳೆಗಾಲದ ತೇವಕ್ಕೆ ಪುಸ್ತಕದ ರಟ್ಟೇ ಬೂಷ್ಟು ಹಿಡಿಯುವಾಗ ತಗಡಿನ ಬಳೆಗೆ ಕಿಲುಬು ಹಿಡಿಯದೆ ಉಳಿದೀತೇ? ಮಣ್ಣಿನ ಗೂಡು ಕಟ್ಟುವ ಕಣಜಕ್ಕಂತೂ ಮೈಕ್ ಜ್ಯಾಕಿನ ಕಾಲಂಗುಲದ ತೂತು ಹೇಳಿ ಮಾಡಿಸಿದ ಬಾಣಂತಿಕೋಣೆ. ಮೊಟ್ಟೆಯಿಟ್ಟು, ಮರಿಗೆ ಆಹಾರವಾಗಿ ಪುಟ್ಟ ಹುಳುಗಳನ್ನು ತುಂಬಿ, ಬಾಯಿಗೆ ಮಣ್ಣು ಮೆತ್ತಿ ಹೋಗುತ್ತದೆ.

1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರ ಆರಂಭಿಸಿದರು. ಮುಂದೆ ಊರೂರಿಗೆ ರೇಡಿಯೋ ಬಂದಾಗ ನಮ್ಮ ಹೆಣ್ಣುಮಕ್ಕಳು ಅದಕ್ಕೆ ಕ್ರೋಶಾ ಹೊದಿಕೆ ಹೆಣೆದರು. ಹೂಬಳ್ಳಿಯೆಲ್ಲ ಮುಂಭಾಗಕ್ಕೆ, ಏರಿಯಲ್, ಪಿಕ್‌ಅಪ್ ಸಾಕೆಟ್ಟುಗಳಿದ್ದ ಬೆನ್ನು ಸದಾ ಬೆತ್ತಲೆ. ಇಂದಿಗೂ ನಾವು ಬದಲಾಗಿಲ್ಲ.

'ಉಪಯೋಗಿಸದ ಸಾಕೆಟ್ಟು' ಎಂಬ ಮಾತೇ ನನಗೆ ಒಪ್ಪಿಗೆಯಿಲ್ಲ. ಇಂದು ಉಪಯೋಗಿಸದ್ದು ಎನ್ನಬೇಕು. ಕೃಷ್ಣರಾಜನಗರದ ನಮ್ಮ ಅಕ್ಕನ ಮನೆಯಲ್ಲಿ ಅಮ್ಮ ಹಾಡಿದ ಸೋಬಾನೆ ಪದಗಳ ಕ್ಯಾಸೆಟ್ಟೊಂದಿದೆ. ಮೊಮ್ಮಗಳ ಮದುವೆಯಲ್ಲಿ ಅದನ್ನು ಕೇಳಿಸಬೇಕೆಂದು ಅಕ್ಕನಿಗೆ ಆಸೆ. ಕ್ಯಾಸೆಟ್ಟು ಚೆನ್ನಾಗಿತ್ತು, ಡೆಕ್ಕೂ ತಿರುಗಿತು. ಆದರೆ ಆಂಪ್ಲಿಫೈಯರಿನ 'ಟೇಪ್ ಇನ್' ಸಾಕೆಟ್ಟು ವರ್ಷಗಟ್ಟಲೆ ಬಾಯ್ದೆರೆದುಕೊಂಡಿದ್ದು ಹೊಟ್ಟು, ಕಿಲುಬು ತುಂಬಿಕೊಂಡಿತ್ತು. ಎಡಗಡೆ ಬರೀ ಕರಕರ ಸದ್ದು. ಬಲಗಡೆ ಅಮ್ಮನ ದನಿ ಎರಡು ಪದ ಬಂದು ನಾಲ್ಕು ಪದ ನಿಂತು. ಅಕ್ಕ ಎದ್ದು ಒಳಗೆ ಹೋಗಿಬಿಟ್ಟರು. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ತರಿಸಿ, ಕಡ್ಡಿಗೆ ಬಟ್ಟೆ ಸುತ್ತಿ ಒರೆಸಿದ ಮೇಲೆ ಹಾಡು ಪೂರ್ತಿ ಬಂದಿತು. ಅಂದೇ ಅದನ್ನು ಕಂಪ್ಯೂಟರಿಗೂ ಇಳಿಸಿಕೊಂಡೆವು. ಇಂತಹ ಕ್ಯಾಸೆಟ್ಟುಗಳು ನಿಮ್ಮಲ್ಲಿ ಎಷ್ಟು ಜನರ ಮನೆಯ ಅಟ್ಟದಲ್ಲಿಲ್ಲ?

ಮುಚ್ಚುವ ಬಗೆಯಲ್ಲಿ ಮಾತ್ರ ವಿವೇಕವಿರಲಿ. ಬಿಡಿಯಾಗಿ ಸಿಗುವ ಸಾಧಾರಣ ಪ್ಲಾಸ್ಟಿಕ್ ಮುಚ್ಚಳ ಸಾಕು. ಹತ್ತಿ ತುರುಕಬೇಡಿ, ಅದು ತೇವ ಹೀರುತ್ತದೆ. ಅಂಟುಪಟ್ಟಿಯ ಗೋಂದು ಬೇಸಗೆಯಲ್ಲಿ ಇಳಿದು ಲೋಹಕ್ಕೆ ಮೆತ್ತುತ್ತದೆ. ಶಾರ್ಟಿಂಗ್ ಪ್ಲಗ್ಗನ್ನು 'ಟೇಪ್ ಔಟ್' ಮುಂತಾದ ಔಟ್‌ಪುಟ್‌ಗಳಿಗೆ ಎಂದಿಗೂ ಹಾಕಕೂಡದು. ಹೊರಬರುವ ಸಂಕೇತವನ್ನೇ ನೆಲಕ್ಕಿಳಿಸಿದಂತಾಗಿ ಉಪಕರಣ ಕೆಡಬಹುದು. 'ಇನ್', 'ಔಟ್' ಅಕ್ಕಪಕ್ಕದಲ್ಲೇ ಇರುವುದರಿಂದ ಕನ್ನಡಕ ಹಾಕಿಕೊಂಡೇ ನೋಡಿ. ಹೆಡ್‌ಫೋನ್ ಜ್ಯಾಕಿಗೆ ಪ್ಲಗ್ಗಿನಂತಹ ಬಿರಡೆ ಹಾಕಿದರೆ, ಒಳಗಿನ ಸ್ಪ್ರಿಂಗ್ ಸರಿದು ಎಷ್ಟೋ ಯಂತ್ರಗಳಲ್ಲಿ ಸ್ಪೀಕರಿನ ಸದ್ದೇ ನಿಂತುಹೋಗುತ್ತದೆ. ರಿಪೇರಿಗೆ ಹೊತ್ತೊಯ್ಯುವ ಮೊದಲು ಅದನ್ನು ತೆಗೆದು ನೋಡಿ. ಮುಚ್ಚುವ ಉತ್ಸಾಹದಲ್ಲಿ ಮೇಲಿನ ಗಾಳಿಕಿಂಡಿಗಳನ್ನು ಮಾತ್ರ ಮುಚ್ಚಬೇಡಿ. ಯಂತ್ರ ಚಾಲೂ ಇರುವಾಗ ಆ ಕ್ರೋಶಾ ಹೊದಿಕೆ ಮಡಿಸಿ ಪಕ್ಕಕ್ಕಿರಲಿ.