ಬೀಡಿನ ಕಾವಲಿಯನ್ನು ಡಂಪ್‌ಸ್ಟರ್ ಪಕ್ಕ ಬಿಟ್ಟು ಹೋಗಬೇಡಿ

ಮೇ ತಿಂಗಳಲ್ಲಿ ಲೀಸ್ ಮುಗಿಯುವ ವಾರ ನಮ್ಮ ಅಪಾರ್ಟ್‌ಮೆಂಟುಗಳ ಡಂಪ್‌ಸ್ಟರ್ ಕಡೆ ಒಂದು ಸಲ ಹೋಗಿ ನೋಡಿ. ಕಾಲು ಮುರಿದ ಕುರ್ಚಿ, ಕಲೆಯಾದ ಹಾಸಿಗೆಗಳ ನಡುವೆ ಕೋಟಿಂಗ್ ಎದ್ದುಹೋದ ನಾನ್‌ಸ್ಟಿಕ್ ತವೆಗಳು ಇದ್ದೇ ಇರುತ್ತವೆ. ಅವು ಹೋಗಲಿ, ಅವುಗಳ ಆಯಸ್ಸೇ ಅಷ್ಟು. ಆದರೆ ತುಕ್ಕು ಹಿಡಿದ ಬೀಡಿನ ಕಾವಲಿಯನ್ನೂ ಜನ ಅಲ್ಲೇ ಇಟ್ಟು ಹೋಗ್ತಾರಲ್ಲ, ಅದು ಬೇಜಾರಿನ ವಿಷಯ. 23 ಕಿಲೋದ ಸೂಟ್‌ಕೇಸಿನಲ್ಲಿ ಎರಡು ಕಿಲೋ ಜಾಗ ಅದಕ್ಕೆ ಕೊಟ್ಟು, ಉಪ್ಪಿನಕಾಯಿ, ಚಟ್ನಿಪುಡಿಯನ್ನು ಮನೆಯಲ್ಲೇ ಬಿಟ್ಟು ಯಾರೋ ಊರಿಂದ ಹೊತ್ತು ತಂದದ್ದು ಅದು.

ನನ್ನ ವಾದ ಇಷ್ಟೇ: ತುಕ್ಕು ಹಿಡಿದ ಕಾವಲಿ ಹಾಳಾದ ಕಾವಲಿ ಅಲ್ಲ. ಒಂದು ಭಾನುವಾರ ಕೂತರೆ ಅದನ್ನು ಮತ್ತೆ ದೋಸೆಗೆ ತಯಾರು ಮಾಡಬಹುದು. ಅದು ಗೊತ್ತಿದ್ದರೆ ಯಾರೂ ಎಸೆಯುವುದಿಲ್ಲ, ನಾವು ವರ್ಷವರ್ಷ ಹೊಸ ನಾನ್‌ಸ್ಟಿಕ್ ಕೊಳ್ಳುವುದೂ ತಪ್ಪುತ್ತದೆ.

ಮೊದಲು, ‘ಪಳಗಿಸೋದು’ ಅಂದರೆ ಏನು? ಅಡುಗೆ ಎಣ್ಣೆಯನ್ನು ತೆಳ್ಳಗೆ ಸವರಿ, ಹೊಗೆಯಾಡುವ ಮಟ್ಟಕ್ಕೆ ಕಾಯಿಸಿದರೆ ಎಣ್ಣೆಯ ಅಣುಗಳು ಒಂದಕ್ಕೊಂದು ಕೂಡಿಕೊಂಡು ಗಟ್ಟಿ ಪದರವಾಗಿ ಕಬ್ಬಿಣಕ್ಕೆ ಅಂಟಿಕೊಳ್ಳುತ್ತವೆ. ಪಾಲಿಮರ್ ಕ್ಲಾಸಿನಲ್ಲಿ ಕೂತವರಿಗೆ ಇದು ಹೊಸದೇನಲ್ಲ. ಆ ಕಪ್ಪು ಹೊಳಪು ಎಣ್ಣೆ ಜಿಡ್ಡಲ್ಲ, ಜಿಡ್ಡಿನಿಂದ ಹುಟ್ಟಿದ ಬೇರೆಯದೇ ವಸ್ತು. ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಕಾದ ಕಾವಲಿಗೆ ಉಜ್ಜುತ್ತಿದ್ದ ನಮ್ಮಜ್ಜಿಯರು ಮಾಡುತ್ತಿದ್ದದ್ದೂ ಇದನ್ನೇ. ಈರುಳ್ಳಿ ಅವರಿಗೆ ಬ್ರಷ್.

ಇದು ಗೊತ್ತಾದರೆ ಕಾವಲಿ ಬಗ್ಗೆ ನಮ್ಮಲ್ಲಿರುವ ಅರ್ಧ ಹೆದರಿಕೆ ಹೋಗುತ್ತದೆ. ‘ಸೋಪು ತಾಗಿಸಲೇಬಾರದು’ ಅನ್ನೋ ಮಾತನ್ನೇ ತಗೊಳ್ಳಿ. ಹಿಂದಿನ ಸೋಪುಗಳಲ್ಲಿ ಉಳಿದಿರುತ್ತಿದ್ದ ಕಾಸ್ಟಿಕ್ ಸೋಡಾ ಆ ಪದರವನ್ನು ತಿನ್ನುತ್ತಿತ್ತು. ಈಗಿನ ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ ಅದಿಲ್ಲ. ಒಂದೆರಡು ಹನಿ ಹಾಕಿ ತೊಳೆದರೆ ಪಳಗಿದ ಕಾವಲಿಗೆ ಏನೂ ಆಗೋದಿಲ್ಲ. ತೊಂದರೆ ಕೊಡುವುದು ಬೇರೆ: ಡಿಶ್‌ವಾಶರ್, ರಾತ್ರಿಯಿಡೀ ಸಿಂಕಿನ ನೀರಲ್ಲಿ ಬಿಡೋದು, ಹುಣಸೆಹುಳಿ–ಟೊಮ್ಯಾಟೊ ಹಾಕಿ ಗಂಟೆಗಟ್ಟಲೆ ಕುದಿಸೋದು.

ದಿನದ ಕೆಲಸ ಐದು ನಿಮಿಷದ್ದು. ಕಾವಲಿ ಬೆಚ್ಚಗಿರುವಾಗಲೇ ತೊಳೆಯಿರಿ, ಹತ್ತಿದ್ದರೆ ಕಲ್ಲುಪ್ಪು ಹಾಕಿ ಉಜ್ಜಿ. ಬಟ್ಟೆಯಲ್ಲಿ ಒರೆಸಿದರೆ ಸಾಲದು, ಒಲೆ ಮೇಲಿಟ್ಟು ನೀರಿನ ಪಸೆ ಪೂರ್ತಿ ಆರಿಸಿ. ಆಮೇಲೆ ನಾಲ್ಕು ಹನಿ ಎಣ್ಣೆ ಸವರಿ, ಒರೆಸಿ ಎತ್ತಿಡಿ.

ಇನ್ನು ತುಕ್ಕು ಹಿಡಿದ ಕಾವಲಿ. ಸ್ಟೀಲ್ ವುಲ್‌ನಿಂದ ಕೆಂಪು ಹೋಗುವ ತನಕ ತಿಕ್ಕಿ. ಜಗ್ಗದಿದ್ದರೆ ಅರ್ಧ ನೀರು, ಅರ್ಧ ಬಿಳಿ ವಿನಿಗರ್ ಬೆರೆಸಿ ಅದರಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ತೆಗೆದು ನೋಡಿ. ಮರೆತು ಮಲಗಿದರೆ ವಿನಿಗರ್ ತುಕ್ಕು ಮುಗಿಸಿ ಕಬ್ಬಿಣವನ್ನೇ ತಿನ್ನಲು ಶುರುಮಾಡುತ್ತೆ. ತೊಳೆದ ತಕ್ಷಣ ಒಲೆಯ ಮೇಲೆ ಒಣಗಿಸಿ. ಎಣ್ಣೆಯನ್ನು ಎಲ್ಲ ಕಡೆ, ಹಿಂಬದಿಗೂ ಸವರಿ, ತಪ್ಪಿ ಹಾಕಿದೆವೇನೋ ಅನ್ನುವ ಹಾಗೆ ಅಷ್ಟನ್ನೂ ಒರೆಸಿ ತೆಗೆಯಿರಿ. ಎಣ್ಣೆ ಹೆಚ್ಚಾದರೆ ಮೇಲ್ಮೈ ಅಂಟಂಟಾಗುತ್ತದೆ, ಸ್ಮೋಕ್ ಅಲಾರಂ ಹೊಡೆದುಕೊಳ್ಳುತ್ತದೆ. ಓವನ್‌ನಲ್ಲಿ ಬೋರಲು ಇಟ್ಟು 450 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಒಂದು ಗಂಟೆ ಬಿಡಿ, ಒಳಗೇ ಆರಲಿ. ಎರಡು ಮೂರು ಸಲ ಹೀಗೆ ಮಾಡಿದರೆ ಸಾಕು. ಕನೋಲ, ಸೂರ್ಯಕಾಂತಿ, ಯಾವುದಾದರೂ ಆಗುತ್ತೆ. ಕಿಟಕಿ ತೆಗೆದಿಡೋದು ಮಾತ್ರ ಮರೆಯಬೇಡಿ.

‘ಅಷ್ಟು ಮಾಡಿದರೂ ದೋಸೆ ಏಳಲ್ಲ’ ಅನ್ನೋರು ಕಾವಲಿ ಬಿಟ್ಟು ಒಲೆ ಕಡೆ ನೋಡಬೇಕು. ಬೀಡು ನಿಧಾನಕ್ಕೆ ಕಾಯುತ್ತೆ, ಕಾದ ಮೇಲೆ ಶಾಖ ಹಿಡಿದಿಟ್ಟುಕೊಳ್ಳುತ್ತೆ. ಇಲ್ಲಿನ ಎಲೆಕ್ಟ್ರಿಕ್ ಕಾಯಿಲ್ ಮೇಲೆ ಹೈನಲ್ಲಿಟ್ಟರೆ ನಡು ಉರಿಯುತ್ತದೆ, ಅಂಚು ತಣ್ಣಗಿರುತ್ತದೆ. ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಕಾಯಿಸಿ. ಊರಿನ ದೋಸೆ ಹೋಟೆಲಿನಲ್ಲಿ ಭಟ್ಟರು ನೀರು ಚಿಮುಕಿಸಿ ಪೊರಕೆಯಲ್ಲಿ ಗುಡಿಸುವುದನ್ನು ನೋಡಿದ್ದೀರಲ್ಲ? ಮೇಲ್ಮೈ ಶಾಖ ಸ್ವಲ್ಪ ಇಳಿದರೆ ಹಿಟ್ಟು ಸೌಟಿಗೆ ಎದ್ದು ಬರದೆ ಹರಡುತ್ತದೆ. ನಮ್ಮ ಕಿಚನ್ನಿನಲ್ಲೂ ಅದು ನಡೆಯುತ್ತದೆ, ಪೊರಕೆ ಬದಲು ಒದ್ದೆ ಪೇಪರ್ ಟವೆಲ್.

‘ಥೀಸಿಸ್ ಬರೆಯೋದು ಬಿಟ್ಟು ಕಾವಲಿ ಸೇವೆ ಯಾರು ಮಾಡ್ತಾರೆ?’ ಅನ್ನೋ ಪ್ರಶ್ನೆ ನ್ಯಾಯವಾದದ್ದೇ. ಒಬ್ಬರೇ ಇದ್ದು ವಾರಕ್ಕೊಮ್ಮೆ ಮೊಟ್ಟೆ ಬೇಯಿಸುವವರಿಗೆ ನಾನ್‌ಸ್ಟಿಕ್ಕೇ ಸಾಕು. ನಾಲ್ಕು ಜನ ಸೇರಿ ದಿನಾ ಚಪಾತಿ, ರೊಟ್ಟಿ, ದೋಸೆ ಮಾಡುವ ಮನೆಯ ಲೆಕ್ಕ ಬೇರೆ. ಅಲ್ಲಿ ಕಾವಲಿ ಕೆಡುವುದು ಸಾಮಾನ್ಯವಾಗಿ ‘ಅವನು ತೊಳೀತಾನೆ’ ಅಂತ ನಾಲ್ವರೂ ಅಂದುಕೊಂಡದ್ದರಿಂದ. ಕೊನೇ ದೋಸೆ ಯಾರದ್ದೋ, ಒಣಗಿಸುವ ಕೆಲಸ ಅವರದ್ದೇ ಅಂತ ಮೊದಲ ದಿನವೇ ಮಾತಾಡಿಕೊಳ್ಳಿ.

ಇನ್ನೊಂದು ವಿಷಯವನ್ನೂ ಬಾಯಿಬಿಟ್ಟು ಮಾತಾಡಬೇಕು. ಮೊಟ್ಟೆ, ಮಾಂಸ ಮಾಡಿದ ಕಾವಲಿಯನ್ನು ಮುಟ್ಟದವರು ನಮ್ಮಲ್ಲಿದ್ದಾರೆ. ಹಳೆಯ ಪದರವನ್ನು ಪೂರ್ತಿ ತೆಗೆದು ಬರಿ ಕಬ್ಬಿಣಕ್ಕೆ ತಂದು ಹೊಸದಾಗಿ ಪಳಗಿಸಬಹುದು ಅಂತ ಹೇಳಬಹುದು. ಅದು ನಿಜವೂ ಹೌದು. ಆದರೂ ಮನಸ್ಸು ಒಪ್ಪದಿದ್ದರೆ ವಾದ ಮಾಡೋದು ಬೇಡ. ಎರಡು ಕಾವಲಿ ಇಟ್ಟುಕೊಂಡರೆ ಸ್ನೇಹ ಉಳಿಯುತ್ತೆ.

ಈ ದೇಶದವರಿಗೂ ಬೀಡು ಹೊಸದಲ್ಲ. ಟೆನೆಸ್ಸಿಯ ಸೌತ್ ಪಿಟ್ಸ್‌ಬರ್ಗ್‌ನಲ್ಲಿ 1896ರಲ್ಲಿ ಶುರುವಾದ ಲಾಡ್ಜ್ ಕಂಪನಿ ಇವತ್ತಿಗೂ ಬೀಡಿನ ಬಾಣಲೆ, ಕಾವಲಿ ಮಾಡುತ್ತಿದೆ. ಪೆನ್ಸಿಲ್ವೇನಿಯಾದ ಈರಿಯಲ್ಲಿದ್ದ ಗ್ರಿಸ್‌ವೋಲ್ಡ್ ಕಾರ್ಖಾನೆ 1957ರಲ್ಲೇ ಮುಚ್ಚಿತು. ಅಲ್ಲಿ ಎರಕ ಹೊಯ್ದ ಬಾಣಲೆಗಳನ್ನು ಜನ ಈಗಲೂ ಹುಡುಕಿ ಕೊಂಡು ಅಡುಗೆ ಮಾಡುತ್ತಾರೆ. ಇಷ್ಟು ಬಾಳುವ ವಸ್ತುವನ್ನು ಎರಡು ವರ್ಷದ ಮಾಸ್ಟರ್ಸ್ ಮುಗಿದ ಕೂಡಲೇ ಕಸಕ್ಕೆ ಹಾಕುವುದು ನನಗಂತೂ ಸರಿ ಕಾಣುವುದಿಲ್ಲ.

ಹಾಗಾಗಿ ಸಂಘಕ್ಕೆ ನನ್ನದೊಂದು ಸಲಹೆ. ರಾಜ್ಯೋತ್ಸವದ ಬ್ಯಾನರ್, ಸ್ಪೀಕರ್ ಇಡುವ ಕಪಾಟಿನಲ್ಲಿ ಒಂದು ಅರೆ ಕಾವಲಿಗಳಿಗೆ ಕೊಡೋಣ. ಮೇ ತಿಂಗಳಲ್ಲಿ ಹೊರಡುವವರು ತಮ್ಮದನ್ನು ಯಾವ ಸ್ಥಿತಿಯಲ್ಲಿದ್ದರೂ ತಂದುಕೊಡಲಿ. ಬೇಸಿಗೆಯಲ್ಲಿ ಇಲ್ಲೇ ಇರುವ ನಾಲ್ಕೈದು ಜನ ಒಂದು ದಿನ ಕೂತು ತಿಕ್ಕಿ ಪಳಗಿಸೋಣ. ಸಸ್ಯಾಹಾರಕ್ಕೆ ಮಾತ್ರವೋ ಎಲ್ಲದಕ್ಕೂವೋ ಅಂತ ಹಿಡಿಗೆ ಚೀಟಿ ಕಟ್ಟೋಣ. ಆಗಸ್ಟ್‌ನಲ್ಲಿ ಬರುವ ಹೊಸಬರಿಗೆ, ಹೋಗುವಾಗ ವಾಪಸ್ ಕೊಡಬೇಕು ಅನ್ನೋ ಒಂದೇ ಷರತ್ತಿನ ಮೇಲೆ ಕೊಡೋಣ. ಸೂಟ್‌ಕೇಸಿನಲ್ಲಿ ಅವರಿಗೆ ಎರಡು ಕಿಲೋ ಉಳಿಯುತ್ತದೆ, ಆ ಜಾಗಕ್ಕೆ ಉಪ್ಪಿನಕಾಯಿ, ಚಟ್ನಿಪುಡಿ ಬರುತ್ತದೆ. ತಿಕ್ಕುವ ಕೆಲಸಕ್ಕೆ ಮೊದಲ ಹೆಸರು ನನ್ನದೇ ಬರೆದುಕೊಳ್ಳಿ.