ಪುಟ್ಟಿ ಜರ್ನಲಿಸಂ ಓದ್ತಾಳಂತೆ

ಪಿಯುಸಿ ರಿಸಲ್ಟ್ ಬಂದ ಮಾರನೇ ದಿನವೇ ಅರಸೀಕೆರೆಯಿಂದ ಚಿಕ್ಕಮ್ಮನ ಫೋನು. "ಸೈನ್ಸಲ್ಲಿ ತೊಂಬತ್ತೊಂದು ಪರ್ಸೆಂಟ್ ತೆಗೆದಿದಾಳೆ ಕಣೋ. ಈಗ ನೋಡಿದ್ರೆ ಜರ್ನಲಿಸಂ ಓದ್ತಾಳಂತೆ. ನೀನು ಹೇಳಿದ್ರೆ ಕೇಳ್ತಾಳೆ, ಸ್ವಲ್ಪ ಬುದ್ಧಿ ಹೇಳು" ಅಂದರು. ನಮ್ಮ ಕಡೆ ಬುದ್ಧಿ ಹೇಳುವ ಕೆಲಸ ಸಾಫ್ಟ್‌ವೇರಿನವರಿಗೇ ಯಾಕೆ ಬೀಳುತ್ತದೋ! ತಿಂಗಳಿಗೊಮ್ಮೆ ಸಂಬಳ ಬರುವವನಿಗೆ ಎಲ್ಲವೂ ಗೊತ್ತಿರುತ್ತೆ ಅಂತ ನಂಬಿಕೆ ಇರಬೇಕು.

ಹೇಳೋಣ ಅಂತಲೇ ಪುಟ್ಟಿಗೆ ಫೋನ್ ಮಾಡಿದೆ. "ಅದರಲ್ಲಿ ಕೆಲಸ ಸಿಗೋದು ಕಷ್ಟ ಕಣೇ" ಅಂದೆ. "ಅಣ್ಣ, ನೀನು ಇಂಜಿನಿಯರಿಂಗ್ ಸೇರುವಾಗ ಯಾರಾದ್ರೂ ಈ ಮಾತು ಹೇಳಿದ್ರಾ?" ಅಂತ ತಿರುಗಿ ಕೇಳಿದಳು. ಹೇಳಿರಲಿಲ್ಲ. ಅಪ್ಪ ಸಾಲ ಮಾಡಿ ಸಿವಿಲ್‌ಗೆ ಸೇರಿಸಿದ್ದರು. ಓದಿದ್ದು ಸೇತುವೆ ಕಟ್ಟೋದು, ಮಾಡ್ತಿರೋದು ಸಾಫ್ಟ್‌ವೇರ್ ಟೆಸ್ಟಿಂಗು. ಹೋದ ವರ್ಷ ನಮ್ಮ ಹನ್ನೊಂದು ಜನರ ಟೀಮಿನಲ್ಲಿ ನಾಲ್ವರಿಗೆ ಒಂದೇ ಬೆಳಿಗ್ಗೆ 'ನಾಳೆಯಿಂದ ಬರೋದು ಬೇಡ' ಅನ್ನುವ ಮೇಲ್ ಬಂತು. ಭದ್ರತೆಯ ಬಗ್ಗೆ ಪಾಠ ಮಾಡುವ ಧೈರ್ಯ ಅವತ್ತೇ ಅರ್ಧ ಹೋಗಿತ್ತು. "ಶನಿವಾರ ಬೆಂಗಳೂರಿಗೆ ಬಾ, ಕಾಲೇಜು ನೋಡ್ಕೊಂಡು ಬರೋಣ" ಅಂದೆ.

ಮೊದಲನೇ ಕಾಲೇಜಿನಲ್ಲಿ ಸ್ಟುಡಿಯೋ ತೋರಿಸಿದರು. ಹಸಿರು ಪರದೆ, ದೊಡ್ಡ ದೊಡ್ಡ ಲೈಟು, ಕ್ಯಾಮೆರಾಗೆ ಇನ್ನೂ ಪ್ಲಾಸ್ಟಿಕ್ ಕವರ್ರು. ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಂದರು. ಎಲ್ಲೆಲ್ಲಿ ಅಂತ ಪಟ್ಟಿ ಕೇಳಿದೆ. ಅದರಲ್ಲಿ ಕಾಲ್ ಸೆಂಟರ್ ಇತ್ತು, ಇವೆಂಟ್ ಮ್ಯಾನೇಜ್‌ಮೆಂಟ್ ಇತ್ತು, ಹುಡುಕಿದರೂ ಒಂದು ಪತ್ರಿಕೆ ಇರಲಿಲ್ಲ.

ಎರಡನೆಯದು ಹಳೇ ಕಟ್ಟಡ, ಇಡೀ ವಿಭಾಗಕ್ಕೆ ಎರಡೇ ರೂಮು. ಮೇಜಿನ ಮೇಲೆ ವಿದ್ಯಾರ್ಥಿಗಳೇ ತರುವ ಪ್ರಾಯೋಗಿಕ ಪತ್ರಿಕೆಯ ಕಟ್ಟು. ಅಲ್ಲಿನ ಮೇಡಂ ಒಂದು ವರದಿಯ ಮೂರು ಕರಡುಗಳನ್ನು ತೆಗೆದು ತೋರಿಸಿದರು. ಕೆ.ಆರ್. ಮಾರ್ಕೆಟ್ಟಿನ ಹೂವಿನವರ ಬಗ್ಗೆ. ಮೊದಲನೇ ಕರಡಿನ ತುಂಬ ಕೆಂಪು ಇಂಕು: 'ಯಾರು ಹೇಳಿದ್ದು?', 'ಇದನ್ನ ನೀನು ನೋಡಿದ್ಯಾ?' ನಮ್ಮಲ್ಲಿ ಕೋಡ್ ರಿವ್ಯೂ ಅನ್ನೋದೂ ಇದೇ ತಾನೇ! ಪುಟ್ಟಿ ಅಲ್ಲೇ ನಿಂತು ಮೂರನ್ನೂ ಓದಿದಳು.

ಕೆಲಸದ ಬಗ್ಗೆ ಕೇಳಿದ್ದಕ್ಕೆ ಮೇಡಂ ಸುತ್ತಿ ಬಳಸಿ ಮಾತಾಡಲಿಲ್ಲ. "ಮೊದಲ ಎರಡು ಮೂರು ವರ್ಷ ಬರೋ ಸಂಬಳದಲ್ಲಿ ಬೆಂಗಳೂರಲ್ಲಿ ಬಾಡಿಗೆ ಕಟ್ಟೋದು ಕಷ್ಟ. ಡೆಸ್ಕಿನಲ್ಲಾದ್ರೆ ರಾತ್ರಿ ಪಾಳಿ. ಊರಲ್ಲಿ ಸ್ಟ್ರಿಂಗರ್ ಆದ್ರೆ ಸುದ್ದಿ ಲೆಕ್ಕದಲ್ಲಿ ದುಡ್ಡು, ಅದೂ ತಡ. ಅರ್ಧ ಜನ ಆಮೇಲೆ ಪಿ.ಆರ್., ಜಾಹೀರಾತು, ಕಂಪನಿಗಳ ಕಂಟೆಂಟ್ ಕಡೆ ಹೋಗ್ತಾರೆ. ಎಂಎ ಮಾಡಿ ನೆಟ್ ಪಾಸಾದ್ರೆ ಮೇಷ್ಟ್ರ ಕೆಲಸ" ಅಂದರು. ಇಷ್ಟು ನೇರವಾಗಿ ನನಗೆ ಹದಿನೆಂಟರಲ್ಲಿ ಯಾರೂ ಹೇಳಿರಲಿಲ್ಲ.

ವಾಪಸ್ ಬರುವಾಗ ಮೆಟ್ರೋದಲ್ಲಿ ನನಗೆ ತಿಳಿದದ್ದು ಹೇಳಿದೆ. ಏಜೆನ್ಸಿಯಿಂದ ಇಂಗ್ಲಿಷಿನಲ್ಲಿ ಬಂದ ಸುದ್ದಿಯನ್ನು ಕನ್ನಡಕ್ಕೆ ಇಳಿಸೋದು ನಮ್ಮ ಡೆಸ್ಕುಗಳ ದೊಡ್ಡ ಕೆಲಸ. ಅದರ ಮೊದಲ ಕರಡನ್ನು ಈಗ ಮೆಷಿನ್ನೇ ಮಾಡಿಕೊಡುತ್ತೆ. ನನ್ನ ಟೆಸ್ಟಿಂಗ್ ಕೆಲಸಕ್ಕೂ ಅದೇ ಗತಿ, ಅದಕ್ಕೇ ಹೇಳ್ತಿದೀನಿ. ಆದರೆ ತಾಲೂಕು ಕಚೇರಿಯ ಬೆಂಚಿನ ಮೇಲೆ ಮೂರು ದಿನ ಕೂತು, ಪಹಣಿ ತಿದ್ದುಪಡಿ ಯಾಕೆ ಆಗ್ತಿಲ್ಲ ಅಂತ ಕಂಡುಹಿಡಿಯೋದು, ಆರ್‌ಟಿಐ ಹಾಕಿ ಕಾಗದ ಈಚೆ ತೆಗೆಸೋದು ಮೆಷಿನ್ನಿಗೆ ಆಗಲ್ಲ. ಹಾಗಾಗಿ ಸ್ಟುಡಿಯೋ ದೊಡ್ಡದಿರೋ ಕಾಲೇಜಿಗಿಂತ, ಹೊರಗೆ ಅಟ್ಟಿ ಬರೆಸೋ ಕಾಲೇಜು ವಾಸಿ.

ಇನ್ನೊಂದು ವಿಷಯ. ಪತ್ರಕರ್ತೆ ಆಗೋಕೆ ಡಿಗ್ರಿಯಲ್ಲೇ ಪತ್ರಿಕೋದ್ಯಮ ಓದಿರಬೇಕು ಅಂತೇನಿಲ್ಲ. ಬೆಂಗಳೂರಲ್ಲಿ 1994ರಲ್ಲಿ ಶುರುವಾಗಿ 2000ದಲ್ಲಿ ಚೆನ್ನೈಗೆ ಹೋದ ಏಷ್ಯನ್ ಕಾಲೇಜ್ ಆಫ್ ಜರ್ನಲಿಸಂನ ಡಿಪ್ಲೊಮಾಗೆ ಯಾವ ಡಿಗ್ರಿಯಾದರೂ ನಡೆಯುತ್ತೆ. ಫೀಸು ಮಾತ್ರ ಕೇಳಬೇಡಿ. ಕಡಿಮೆ ಖರ್ಚಿಗೆ ಮಾನಸಗಂಗೋತ್ರಿ, ಧಾರವಾಡ, ಮಂಗಳೂರು ವಿಶ್ವವಿದ್ಯಾಲಯಗಳ ಎಂಎ ಇದೆ. ನಮ್ಮಲ್ಲಿ 2024ರಲ್ಲಿ ಡಿಗ್ರಿ ಮತ್ತೆ ಮೂರು ವರ್ಷಕ್ಕೆ ಬಂತಲ್ಲ, ಅದರಲ್ಲಿ ಪತ್ರಿಕೋದ್ಯಮದ ಜೊತೆ ಅರ್ಥಶಾಸ್ತ್ರ ತಗೋ ಅಂದೆ. ಬಜೆಟ್ ಓದೋಕೆ ಬರೋ ವರದಿಗಾರರಿಗೆ ಬೆಲೆ ಇದೆ, ಮನಸ್ಸು ಬದಲಾದರೆ ಬೇರೆ ಬಾಗಿಲೂ ತೆರೆದಿರುತ್ತೆ. ಲೆಕ್ಕ ಅಂದ್ರೆ ಹೆದರದ ಸೈನ್ಸ್ ಹುಡುಗಿ, ಒಪ್ಪಿಕೊಂಡಳು.

ಉಳಿದದ್ದು ಬಾಡಿಗೆಯ ಪ್ರಶ್ನೆ. ಕೆಲಸಕ್ಕೆ ಸೇರಿದ ಮೊದಲ ಎರಡು ವರ್ಷ ನಮ್ಮನೆಯಲ್ಲೇ ಇರಲಿ ಅಂತ ನನ್ನ ಹೆಂಡತಿಯೇ ಹೇಳಿದಳು. ಅಷ್ಟರಲ್ಲಿ ನನ್ನ ಕೆಲಸ ಉಳಿದಿರಬೇಕು, ಅಷ್ಟೇ.

ಎರಡನೇ ಕಾಲೇಜಿನ ಅರ್ಜಿ ತುಂಬಿ ರಾತ್ರಿ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಬೈಗುಳಕ್ಕೆ ತಯಾರಾಗಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪೇಪರಲ್ಲಿ ಅವಳ ಹೆಸರು ಬರುತ್ತೇನೋ?" ಅಂದರು.

"ರಿಪೋರ್ಟರ್ ಆದ್ರೆ ಬರುತ್ತೆ ಚಿಕ್ಕಮ್ಮ. ಡೆಸ್ಕಲ್ಲಿ ಕೂತ್ರೆ ಬರಲ್ಲ."

"ಹಂಗಾದ್ರೆ ರಿಪೋರ್ಟರೇ ಆಗ್ಲಿ ಬಿಡು."